ನಾಲ್ಕೂವರೆಯ ಹಸಿವು

ಮಗನಿಗೆ ಹದಿನೈದು ತುಂಬಿತು. ಜೂನ್‌ನಲ್ಲಿ ಹೊಲಿಸಿದ ಶಾಲೆಯ ಪ್ಯಾಂಟು ದಸರಾ ರಜೆ ಮುಗಿಯುವ ಹೊತ್ತಿಗೆ ಕಣಕಾಲಿನ ಮೇಲಕ್ಕೆ ಏರಿ ಕೂತಿತ್ತು. ಮಗಳಿಗೆ ಹನ್ನೊಂದು, ಅವಳೂ ಹಿಂದೆ ಬಿದ್ದಿಲ್ಲ. ಎರಡು ದೋಸೆಗೆ ಕೈ ತೊಳೆಯುತ್ತಿದ್ದ ಜೋಡಿ ಈಗ ಐದೈದು ಮುಗಿಸಿ ಹಿಟ್ಟಿನ ಪಾತ್ರೆಯೊಳಗೆ ಇಣುಕುತ್ತದೆ. ‘ಇನ್ನೂ ಎಷ್ಟು ತಿಂತೀರ್ರೋ?’ ಎಂದು ಒಮ್ಮೆ ಬಾಯಿ ತಪ್ಪಿ ಅಂದದ್ದಕ್ಕೆ ಅಮ್ಮ ಎರಡು ದಿನ ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ. ‘ಬೆಳೆಯೋ ಮಕ್ಕಳ ತಟ್ಟೆ ನೋಡಬಾರದು ಕಣೋ’ ಎಂಬುದು ಆಕೆಯ ಕಾನೂನು.

ತಟ್ಟೆ ನೋಡಬಾರದು, ಸರಿ. ಚೀಟಿ ನೋಡಬಹುದಲ್ಲ? ‘ರೀ, ಈ ತಿಂಗಳೂ ಅಡುಗೆಮನೆ ಖರ್ಚು ಹದಿನಾಲ್ಕು ಸಾವಿರ ದಾಟಿದೆ’ ಎಂದು ಹೆಂಡತಿ ಮೂರನೇ ಸಲ ಹೇಳಿದ ಮೇಲೆ, ಅಡುಗೆಮನೆಯ ಕಿಟಕಿ ಸರಳಿಗೆ ಒಂದು ತಂತಿ ಸಿಕ್ಕಿಸಿದೆ. ಹಿಂದೆ ಶೆಟ್ಟರ ಅಂಗಡಿಗಳಲ್ಲಿ ಚೀಟಿ ಚುಚ್ಚಿಡುತ್ತಿದ್ದರಲ್ಲ, ಅಂಥದ್ದು. ನಾಲ್ಕು ವಾರ ಮನೆಯೊಳಕ್ಕೆ ಬಂದ ತಿನ್ನುವ ಪದಾರ್ಥ ಯಾವುದೇ ಇರಲಿ, ಅದರ ಚೀಟಿ ಆ ತಂತಿಗೆ. ಚೀಟಿ ಇಲ್ಲದ್ದಕ್ಕೆ, ಅಂದರೆ ಗಾಡಿಯವನ ಬಾಳೆಹಣ್ಣು, ಫೋನಿನಲ್ಲಿ ತರಿಸಿದ ಬ್ರೆಡ್ಡು, ಇವಕ್ಕೆಲ್ಲ ಹರಿದ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾವೇ ಬರೆದದ್ದು.

ತಂತಿ ತುಂಬುವ ಮೊದಲೇ ತೀರ್ಪು ನನ್ನಲ್ಲಿ ಸಿದ್ಧವಾಗಿತ್ತು. ಅಕ್ಕಿ ಏರಿದೆ, ಎಣ್ಣೆ ಏರಿದೆ, ಬೇಳೆ ಏರಿದೆ. ಜತೆಗೆ ಮಕ್ಕಳ ಹೊಟ್ಟೆ. ಇನ್ನೇನಿದೆ ನೋಡಲು?

ಲೆಕ್ಕ ಬೇರೆಯೇ ಹೇಳಿತು. ಐದು ಜನರ ಮನೆಗೆ ವಾರಕ್ಕೆ ಸರಾಸರಿ 3,350 ರೂಪಾಯಿ. ದಿನಕ್ಕೆ ಎರಡು ಲೀಟರ್ ನೀಲಿ ಪ್ಯಾಕೆಟ್ ನಂದಿನಿ ಹಾಲು, ಲೀಟರಿಗೆ 46ರಂತೆ 644. ಅಕ್ಕಿಗೆ 260. ತೊಗರಿಬೇಳೆಗೆ ನೂರು ಕೂಡ ದಾಟಿಲ್ಲ. ಎಣ್ಣೆ 150. ತರಕಾರಿ ಸೊಪ್ಪು 450, ಹಣ್ಣು 350, ಮೊಟ್ಟೆ 200. ತುಪ್ಪ, ಬೆಣ್ಣೆ, ಮೊಸರು ಸೇರಿ ಇನ್ನೊಂದು 200. ಸಕ್ಕರೆ, ಕಾಫಿಪುಡಿ, ಮಸಾಲೆ ಸಾಮಾನು 250. ಇಷ್ಟನ್ನೂ ಕೂಡಿ ನೋಡಿ, ಇನ್ನೂ ಏಳುನೂರೈವತ್ತು ಉಳಿಯುತ್ತದೆ. ಅದು ಬಿಸ್ಕತ್ತು, ಚಿಪ್ಸು, ನೂಡಲ್ಸು, ಬ್ರೆಡ್ಡು, ಬನ್ನು, ಬಾಟಲಿ ಜ್ಯೂಸು, ಮಿಕ್ಸ್ಚರು. ಅಕ್ಕಿ, ಬೇಳೆ, ಎಣ್ಣೆ ಮೂರೂ ಸೇರಿದರೂ ಅದರ ಸಮಕ್ಕೆ ಬರುವುದಿಲ್ಲ.

ಇದು ನಮ್ಮ ಮನೆಯ ವಿಶೇಷವೇನಲ್ಲ. ಕೇಂದ್ರ ಅಂಕಿಅಂಶ ಇಲಾಖೆ 2023–24ರಲ್ಲಿ ನಡೆಸಿದ ಗೃಹಬಳಕೆ ವೆಚ್ಚ ಸಮೀಕ್ಷೆ ದೇಶಕ್ಕೆ ದೇಶದ ತಂತಿಯನ್ನೇ ಬಿಚ್ಚಿಟ್ಟಿದೆ. ನಗರದ ಮನೆಗಳು ಖರ್ಚು ಮಾಡುವ ನೂರು ರೂಪಾಯಿಯಲ್ಲಿ ಸುಮಾರು ನಲವತ್ತು ಹೊಟ್ಟೆಗೆ ಹೋಗುತ್ತದೆ. ಆ ನಲವತ್ತರೊಳಗೆ ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿ ನಾಲ್ಕು ರೂಪಾಯಿಗೂ ಕಡಿಮೆ. ಹಾಲು ಹೈನಕ್ಕೆ ಏಳು ಚಿಲ್ಲರೆ. ಪಾನೀಯ ಮತ್ತು ಸಿದ್ಧ ತಿನಿಸಿಗೆ ಹನ್ನೊಂದು! ಹಳ್ಳಿಗಳಲ್ಲೂ ಆಹಾರದೊಳಗೆ ಮೊದಲ ಸ್ಥಾನ ಇದಕ್ಕೇ. ಅಕ್ಕಿ ಕೆ.ಜಿ.ಗೆ ಎರಡು ರೂಪಾಯಿ ಏರಿದರೆ ಊರೆಲ್ಲ ಮಾತಾಡುವ ನಾವು, ಅಕ್ಕಿಗಿಂತ ಮೂರು ಪಟ್ಟು ದುಡ್ಡು ಹೋಗುವ ಬಾಗಿಲನ್ನು ತೆರೆದಿಟ್ಟು ಕೂತಿದ್ದೇವೆ.

ಆ ಬಾಗಿಲು ತೆರೆಯುವ ಹೊತ್ತು ಕೂಡ ಚೀಟಿಗಳಲ್ಲೇ ಇತ್ತು. ಭಾನುವಾರದ ದೊಡ್ಡ ಖರೀದಿ ಬಿಟ್ಟರೆ ನಾಲ್ಕು ವಾರಗಳಲ್ಲಿ ಮೂವತ್ತೊಂದು ಸಣ್ಣ ಚೀಟಿ. ಹೆಚ್ಚಿನವುಗಳ ಮೇಲೆ ಗಂಟೆ ನಾಲ್ಕೂವರೆಯಿಂದ ಆರರ ನಡುವೆ. ಶಾಲೆಯ ಬಸ್ಸು ಇಳಿದು, ಚೀಲ ಸೋಫಾದ ಮೇಲೆ ಬಿದ್ದು, ‘ಅಜ್ಜಿ, ತಿನ್ನಕ್ಕೆ ಏನಿದೆ?’ ಎಂಬ ಕೂಗು ಏಳುವ ಸಮಯ. ಮಧ್ಯಾಹ್ನದ ಡಬ್ಬಿ ಕರಗಿ ಮೂರು ಗಂಟೆಯಾಗಿರುತ್ತದೆ, ರಾತ್ರಿ ಊಟಕ್ಕೆ ಇನ್ನೂ ನಾಲ್ಕು ಗಂಟೆ. ಬೆಳೆಯುವ ಮೈಗೆ ಅದು ತಮಾಷೆಯ ಹಸಿವಲ್ಲ, ನಿಜವಾದ ಊಟದ ಹಸಿವು. ಅದಕ್ಕೆ ನಾವು ಕೊಡುತ್ತಿದ್ದದ್ದು ಗಾಳಿ ತುಂಬಿದ ಪೊಟ್ಟಣ. ಒಂದು ತಿಂದರೆ ಸಾಲದು, ಎರಡು. ಎರಡಾದ ಮೇಲೆ ಬನ್ನು. ಹೆಂಡತಿ ಬ್ಯಾಂಕಿನಿಂದ, ನಾನು ಕಚೇರಿಯಿಂದ ಮನೆ ಸೇರುವುದು ಏಳಕ್ಕೆ. ಅಮ್ಮನ ಮಂಡಿನೋವು ಆಕೆಯನ್ನು ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಗೊಡುವುದಿಲ್ಲ. ಹೀಗಾಗಿ ಯಾರದೂ ತಪ್ಪಿಲ್ಲದೆ ವಾರಕ್ಕೆ ಏಳುನೂರೈವತ್ತು.

ಒಂದು ಚಿಪ್ಸ್ ಪೊಟ್ಟಣವನ್ನು ತಿರುಗಿಸಿ ಓದಿದೆ. 20 ರೂಪಾಯಿ, 48 ಗ್ರಾಂ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಗ್ರಾಂಗೆ 42 ಪೈಸೆ ಎಂದಿತ್ತು. ಅಂದರೆ ಕೆ.ಜಿ.ಗೆ 420 ರೂಪಾಯಿ. ನಮ್ಮ ಮೈಸೂರಿನ ಎಂ.ಜಿ. ರಸ್ತೆ ಮಾರುಕಟ್ಟೆಯಲ್ಲಿ ಅದೇ ವಾರ ಆಲೂಗಡ್ಡೆ ಕೆ.ಜಿ.ಗೆ 35. ನ್ಯಾಯವಾಗಿ ಹೇಳಬೇಕೆಂದರೆ ಆಲೂಗಡ್ಡೆಯ ತುಂಬ ನೀರು, ಒಂದು ಕೆ.ಜಿ. ಚಿಪ್ಸಿಗೆ ಮೂರೂವರೆ ನಾಲ್ಕು ಕೆ.ಜಿ. ಗೆಡ್ಡೆ ಬೇಕು, ಮೇಲೆ ಎಣ್ಣೆ. ಅಷ್ಟನ್ನು ಬಿಟ್ಟುಕೊಟ್ಟ ಮೇಲೂ ಅರ್ಧಕ್ಕಿಂತ ಹೆಚ್ಚು ದುಡ್ಡು ಹೊಳೆಯುವ ಕಾಗದಕ್ಕೆ, ಜಾಹೀರಾತಿಗೆ, ಲಾರಿಗೆ.

ಗ್ರಾಂ ಲೆಕ್ಕದ ಆ ಸಣ್ಣ ಅಕ್ಷರದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು, ಅದನ್ನು ಓದುವವರನ್ನು ನಾನು ಕಂಡದ್ದು ಕಡಿಮೆ. ಮೊದಲು ಬಿಸ್ಕತ್ತು, ಚಹಾಪುಡಿ, ಅಡುಗೆ ಎಣ್ಣೆಯಂಥ ಪದಾರ್ಥಗಳನ್ನು ಇಂತಿಂಥ ತೂಕದಲ್ಲೇ ಕಟ್ಟಬೇಕೆಂದು ಕಾನೂನು ಮಾಪನ ನಿಯಮದಲ್ಲಿ ಒಂದು ಪಟ್ಟಿ ಇತ್ತು. 2021ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನು ತೆಗೆದುಹಾಕಿದರು. ಈಗ ಕಂಪನಿಗಳು 870 ಗ್ರಾಂ, 135 ಗ್ರಾಂ, ಹೇಗೆ ಬೇಕಾದರೂ ಕಟ್ಟಬಹುದು. ಅದಕ್ಕೆ ಪ್ರತಿಯಾಗಿ ಗಿರಾಕಿಗೆ ಸಿಕ್ಕಿದ್ದು ಬಿಡಿ ಅಳತೆಯ ಬೆಲೆ: ಪೊಟ್ಟಣ ಒಂದು ಕೆ.ಜಿ.ಗಿಂತ ಕಡಿಮೆಯಿದ್ದರೆ ಗ್ರಾಂಗೆ ಎಷ್ಟು, ಹೆಚ್ಚಿದ್ದರೆ ಕೆ.ಜಿ.ಗೆ ಎಷ್ಟು ಎಂದು ಎಂ.ಆರ್.ಪಿ. ಜತೆಗೆ ಮುದ್ರಿಸಬೇಕು. ಎಣ್ಣೆಗೆ ಇದು ತುಂಬ ಮುಖ್ಯ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಗಿದರೆ ಸುಮಾರು 910 ಗ್ರಾಂ ಬರುತ್ತದೆ. ಅಂಗಡಿಯ ಸಾಲಿನಲ್ಲಿ ಅಕ್ಕಪಕ್ಕ ಒಂದೇ ಎತ್ತರ, ಒಂದೇ ದಪ್ಪಕ್ಕೆ ನಿಂತ ಎರಡು ಪೊಟ್ಟಣಗಳಲ್ಲಿ ಒಂದು ಲೀಟರಿನದು, ಇನ್ನೊಂದು 750 ಗ್ರಾಂನದು ಇರಬಹುದು. ಎರಡನೆಯದು ಹದಿನೈದು ರೂಪಾಯಿ ಅಗ್ಗವೆಂದು ಬುಟ್ಟಿಗೆ ಹಾಕಿಕೊಂಡು, ಮನೆಗೆ ಬಂದು ಡಬ್ಬಿಗೆ ಸುರಿದಾಗ ಡಬ್ಬಿ ತುಂಬಲಿಲ್ಲವೇಕೆಂದು ಯೋಚಿಸಿದವನು ನಾನೇ.

ಹಾಲಿನಲ್ಲೂ ಇಂಥದ್ದೇ ಒಂದು ಆಟ ನೋಡಿದ್ದೇವೆ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ 2 ರೂಪಾಯಿ ಏರಿತು, ಜತೆಗೆ 50 ಎಂ.ಎಲ್. ಹಾಲೂ ಹೆಚ್ಚಾಯಿತು. 2025ರ ಏಪ್ರಿಲ್‌ನಲ್ಲಿ ಆ 50 ಎಂ.ಎಲ್. ವಾಪಸು ಹೋಯಿತು, ಲೀಟರಿಗೆ 4 ರೂಪಾಯಿಯೂ ಏರಿತು. ರೈತರಿಗೆ ಹೋಗುವ ದುಡ್ಡು, ನನಗೆ ತಕರಾರಿಲ್ಲ. ಆದರೆ ಪ್ಯಾಕೆಟ್ಟಿನ ಬೆಲೆಯನ್ನಷ್ಟೇ ನೆನಪಿಟ್ಟುಕೊಂಡವರಿಗೆ ನಿಜವಾಗಿ ಎಷ್ಟು ಏರಿತೆಂಬುದೇ ಗೊತ್ತಾಗಲಿಲ್ಲ. ಅಂದಹಾಗೆ ಪ್ಯಾಕೆಟ್ ಹಾಲಿಗೆ ಜಿ.ಎಸ್.ಟಿ. ಇಲ್ಲ, ಪ್ಯಾಕೆಟ್ ಮೊಸರಿಗೆ 2022ರ ಜುಲೈನಲ್ಲಿ ಬಂತು. ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಲು ಮಂಡಿನೋವು ಅಡ್ಡಿಯಲ್ಲವೆಂದು ಅಮ್ಮ ಆ ಖಾತೆಯನ್ನು ಅಂದೇ ವಹಿಸಿಕೊಂಡರು.

ಅದೇ ಜುಲೈ 18ರ ಇನ್ನೊಂದು ಕೂಸು ನಮ್ಮ ಸಂತೆಪೇಟೆಯ ಮಂಡಿಗಳಲ್ಲಿ ಇವತ್ತಿಗೂ ಕೂತಿದೆ: 26 ಕೆ.ಜಿ. ಅಕ್ಕಿ ಮೂಟೆ. ಇಪ್ಪತ್ತೈದರ ಮೂಟೆ ಇಪ್ಪತ್ತಾರು ಆದದ್ದು ಯಾಕೆಂದು ಎಷ್ಟೋ ಜನ ಕೇಳುತ್ತಾರೆ. 25 ಕೆ.ಜಿ.ವರೆಗೆ ಲೇಬಲ್ ಹಚ್ಚಿ ಕಟ್ಟಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ತೆರಿಗೆ ಬಿತ್ತು. ಅದಕ್ಕೆ ಮೇಲ್ಪಟ್ಟ ಮೂಟೆಗೂ, ಸುರಿದು ತೂಗುವ ಬಿಡಿ ಧಾನ್ಯಕ್ಕೂ ಇಲ್ಲ. ಗಿರಣಿಯವರು ಒಂದು ಕೆ.ಜಿ. ಸೇರಿಸಿ ಗೆರೆ ದಾಟಿದರು. 1,500ರ ಮೂಟೆಯಲ್ಲಿ 75 ರೂಪಾಯಿ ಎಂದರೆ ಒಂದು ಡಜನ್ ಮೊಟ್ಟೆ. ಐದು ಕೆ.ಜಿ. ಚೀಲಗಳಲ್ಲಿ ಕಂತುಕಂತಾಗಿ ಅಕ್ಕಿ ತರುತ್ತಿದ್ದ ನಾವು ಮೂಟೆಗೆ ಬಂದೆವು. ಕೊಳ್ಳುವಾಗ ಅಮ್ಮ ಫೋನಿನಲ್ಲೇ ಕೇಳಿದ್ದು ಒಂದೇ ಪ್ರಶ್ನೆ: ‘ಹಳೇ ಅಕ್ಕಿನೇನೋ?’ ಹೊಸ ಅಕ್ಕಿ ಮುದ್ದೆಯಾಗುತ್ತದೆ, ಹಳೆಯದು ಒದಗುತ್ತದೆ. ಒದಗುವುದು ಎಂದರೇನೆಂದು ಈಗಿನವರಿಗೆ ಬಿಡಿಸಿ ಹೇಳಬೇಕೇನೋ: ಒಂದು ಪಾವು ಅಕ್ಕಿ ಮೂವರಿಗೆ ಆಗುವಲ್ಲಿ ನಾಲ್ವರಿಗೆ ಆಗುವುದು. ಕೆ.ಜಿ.ಗೆ ಮೂರು ನಾಲ್ಕು ರೂಪಾಯಿ ಜಾಸ್ತಿಯಾದರೂ ಹಳೇ ಸೋನಾ ಮಸೂರಿ ಅಗ್ಗವೇ ಆಗುವುದು ಈ ಕಾರಣಕ್ಕೆ. ಎಂ.ಆರ್.ಪಿ.ಯಲ್ಲಿ ಈ ಲೆಕ್ಕ ಕಾಣುವುದಿಲ್ಲ.

ಆದರೆ ಎಲ್ಲವನ್ನೂ ಮೂಟೆಯಲ್ಲಿ ತಂದರೆ ಉಳಿತಾಯ ಎಂದುಕೊಂಡರೆ ಕೆಟ್ಟೆವು. ರವೆ, ಮೈದಾ, ಹುರಿಗಡಲೆ ತಿಂಗಳಿಗಿಂತ ಹೆಚ್ಚು ಇಟ್ಟರೆ ಹುಳುವಿಗೆ ನಮಗಿಂತ ಮೊದಲೇ ಊಟ. ಶಾಂಪೂವಿನಂಥ ಸಾಮಾನುಗಳಲ್ಲಿ ಎಷ್ಟೋ ಸಲ ದೊಡ್ಡ ಬಾಟಲಿಗಿಂತ ಒಂದೆರಡು ರೂಪಾಯಿಯ ಸ್ಯಾಷೆಯೇ ಅಗ್ಗ ಬೀಳುತ್ತದೆ. ಹಾಗಾಗಿ ‘ಫ್ಯಾಮಿಲಿ ಪ್ಯಾಕ್’ ಎಂಬ ಮಾತನ್ನು ನಾನೀಗ ಓದುವುದಿಲ್ಲ, ಗ್ರಾಂನ ಪೈಸೆಯನ್ನು ಓದುತ್ತೇನೆ.

ವರ್ಷದ ದಿನಸಿ ಎಂಬ ಮಾತು ನಮ್ಮ ಮನೆಯಲ್ಲಿ ಸತ್ತುಹೋಗಿತ್ತು. ಅಮ್ಮ ಅದನ್ನು ಮತ್ತೆ ಎಬ್ಬಿಸಿದರು. ಕಲಬುರಗಿ ಸೀಮೆಯಲ್ಲಿ ತೊಗರಿ ಕಟಾವು ಡಿಸೆಂಬರ್‌ನಿಂದ. ಸಂಕ್ರಾಂತಿ ಆದ ಮೇಲೆ ಹೊಸ ಬೇಳೆ ಅಂಗಡಿಗೆ ಬರತೊಡಗುತ್ತದೆ. ಬ್ಯಾಡಗಿ ಮಾರುಕಟ್ಟೆ ಕೆಂಪಗಾಗುವುದು ಜನವರಿಯಿಂದ ಮಾರ್ಚ್. ಹುಣಸೆ ಬಡಿಯುವುದು ಶಿವರಾತ್ರಿಯ ಆಸುಪಾಸು. ಹಿಂದಿನವರು ಬಿಸಿಲು ನೋಡಿಕೊಂಡು ಈ ಮೂರನ್ನೂ ಒಟ್ಟಿಗೇ ಕೊಳ್ಳುತ್ತಿದ್ದದ್ದು ಸಂಪ್ರದಾಯಕ್ಕಲ್ಲ. ಮಾಲು ಬರುವಾಗ ಬೆಲೆ ಇಳಿದಿರುತ್ತದೆ, ಒಣಗಿಸಲು ಬಿಸಿಲು ಇರುತ್ತದೆ, ಅಷ್ಟೆ. ನಾವು ಈ ಸಲ ಹತ್ತು ಕೆ.ಜಿ. ಬೇಳೆ ತಂದು, ಮಹಡಿಯ ಮೇಲೆ ಹಳೇ ಪಂಚೆ ಹಾಸಿ ಎರಡು ಬಿಸಿಲು ಕಾಯಿಸಿ, ಅಂಗೈಗೆ ಹರಳೆಣ್ಣೆ ಸವರಿಕೊಂಡು ತಿಕ್ಕಿ ಡಬ್ಬಿಗೆ ತುಂಬಿದೆವು. ಹುಣಸೆಹಣ್ಣು ಬೀಜ ತೆಗೆದು ಕಲ್ಲುಪ್ಪಿನ ಜತೆ ಜಾಡಿಗೆ. ಮಗ ಅದೆಲ್ಲವನ್ನೂ ಫೋನಿನಲ್ಲಿ ವಿಡಿಯೊ ಮಾಡಿಕೊಂಡ, ಒಂದು ಬೀಜವನ್ನೂ ತೆಗೆಯಲಿಲ್ಲ. ಸಾರಿನ ಪುಡಿ ಮನೆಯಲ್ಲೇ ಹುರಿದು ಮಿಲ್ಲಿಗೆ ಕೊಟ್ಟು ಬೀಸಿಸಿದ್ದರಿಂದ ವಾರಕ್ಕೆ ಉಳಿದದ್ದು ಮೂವತ್ತೇ ರೂಪಾಯಿ ಇರಬಹುದು. ಆದರೆ ಸಾರು ಸಾರಾಯಿತು.

ತರಕಾರಿಯಲ್ಲಿ ಉಳಿತಾಯ ಎಂದರೆ ಚೌಕಾಸಿ ಎಂದೇ ನಾನು ತಿಳಿದಿದ್ದೆ. ಅದು ಕೂಡ ತಪ್ಪು ಜಾಗ. ಎಂ.ಜಿ. ರಸ್ತೆ ಮಾರುಕಟ್ಟೆಯಲ್ಲಿ ನಾವು ಸೊಪ್ಪು ಕೊಳ್ಳುವ ಅಜ್ಜಿ ಕಂತೆ ಕಟ್ಟುವಾಗ ಒಂದು ಹಿಡಿ ಮೇಲೆ ಹಾಕಿ, ‘ತಗಳಪ್ಪ, ಕೊಸರು’ ಎನ್ನುತ್ತಾಳೆ. ಎರಡು ಎಸಳು ಕರಿಬೇವು, ನಾಲ್ಕು ಕಡ್ಡಿ ಕೊತ್ತಂಬರಿ ಲೆಕ್ಕಕ್ಕೇ ಇಲ್ಲ. ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್‌ನಲ್ಲಿ ಅದೇ ಕರಿಬೇವಿಗೆ ಬೆಲೆ, ತಂದುಕೊಟ್ಟದ್ದಕ್ಕೆ ಬೆಲೆ, ಕಟ್ಟಿದ್ದಕ್ಕೆ ಬೆಲೆ. ತಂದುಕೊಡುವ ಶುಲ್ಕ ತಪ್ಪಿಸಬೇಕಾದರೆ ಇಷ್ಟು ಮೊತ್ತದ ಸಾಮಾನು ಆಗಬೇಕು ಎಂದು ಅದು ನೆನಪಿಸುತ್ತದೆ, ನಾವು ಹದಿನೈದು ರೂಪಾಯಿಯ ಕೊತ್ತಂಬರಿಗೆ ನೂರರ ಚಾಕೊಲೇಟು ಸೇರಿಸುತ್ತೇವೆ. ಆ ಮೂವತ್ತೊಂದು ಚೀಟಿಗಳಲ್ಲಿ ಹದಿಮೂರು ಹೀಗೆ ಹುಟ್ಟಿದವು. ಕೊತ್ತಂಬರಿಯಿಂದ ಶುರುವಾಗಿ ಕೊತ್ತಂಬರಿಯಲ್ಲಿ ಮುಗಿದ ಚೀಟಿ ಒಂದೂ ಇರಲಿಲ್ಲ.

ಚೌಕಾಸಿಗಿಂತ ಹೆಚ್ಚು ಉಳಿಸುವುದು ಏನು ಅಡುಗೆ ಎಂಬುದನ್ನು ಮಾರುಕಟ್ಟೆಯಲ್ಲಿ ನಿಂತು ನಿರ್ಧರಿಸುವ ಚಾಳಿ. ಹಾಪ್‌ಕಾಮ್ಸ್ ಮಳಿಗೆಯ ದಿನದ ದರಪಟ್ಟಿ ಒಮ್ಮೆ ನೋಡಿಕೊಂಡರೆ ಯಾವುದು ಇಳಿದಿದೆ, ಯಾವುದು ಏರಿದೆ ಎಂಬ ಅಂದಾಜು ಸಿಗುತ್ತದೆ. ಇಳಿದದ್ದನ್ನು ಅಡುಗೆ ಮಾಡಬೇಕು. 2023ರ ಜುಲೈನಲ್ಲಿ ಕೋಲಾರದ ಎ.ಪಿ.ಎಂ.ಸಿ.ಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದು ನೆನಪಿದೆಯೇ? ಆಗಲೂ ನಮ್ಮ ಮನೆಗೆ ವಾರಕ್ಕೆ ಎರಡು ಕೆ.ಜಿ. ಬರುತ್ತಿತ್ತು, ಅಭ್ಯಾಸ ನೋಡಿ. ‘ಟೊಮೆಟೊ ಇಲ್ದೆ ಸಾರು ಹೆಂಗಮ್ಮ?’ ಎಂದು ನಾನು ಕೇಳಿದರೆ ಅಮ್ಮ ನಕ್ಕರು. ‘ನಿಮ್ಮಜ್ಜಿ ಜನ್ಮವೆಲ್ಲ ಹುಣಸೆಹುಳಿಲೇ ಸಾರು ಮಾಡಿದ್ದು. ನೀನು ಕುಡಿದೇ ಬೆಳೆದಿದ್ದಲ್ವೇನೋ?’ 2025ರಲ್ಲಿ ತೆಂಗಿನ ಸರದಿ. ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲಿಗೆ ಇಪ್ಪತ್ತು ಸಾವಿರ ದಾಟಿತು, ಕಾಯಿಯೂ ಹಿಂದೆಯೇ ಏರಿತು. ಹಳೇ ಮೈಸೂರಿನ ನಮಗೆ ಎಲ್ಲಕ್ಕೂ ಕಾಯಿತುರಿ ಬೇಕು. ಧಾರವಾಡ, ವಿಜಯಪುರದ ಕಡೆಯ ಅಡುಗೆ ತೆಂಗಿನ ಹಂಗಿನಲ್ಲಿಲ್ಲ. ಶೇಂಗಾ, ಗುರೆಳ್ಳಿನ ಪುಡಿಯಲ್ಲೇ ಬದನೆಕಾಯಿ ಎಣಗಾಯಿ ಎದ್ದು ನಿಲ್ಲುತ್ತದೆ. ಹೆಂಡತಿಯ ಧಾರವಾಡದ ಸಹೋದ್ಯೋಗಿ ಕಲಿಸಿದ ಆ ಪುಡಿ ಈಗ ನಮ್ಮಲ್ಲೂ ಒಂದು ಡಬ್ಬಿ ಇದೆ. ಅಮ್ಮ ಅದನ್ನು ‘ಆ ಕರೀ ಪುಡಿ’ ಎನ್ನುತ್ತಾರೆ, ಆದರೆ ಮುದ್ದೆಗೆ ಕೇಳಿ ಹಾಕಿಸಿಕೊಳ್ಳುತ್ತಾರೆ.

ಒಂದೇ ಒಲೆಯಲ್ಲಿ ಎರಡು ಅಡುಗೆ ತೆಗೆಯುವುದರಲ್ಲಿ ಮಾತ್ರ ನಮ್ಮ ಬಸ್ಸಾರನ್ನು ಮೀರಿಸಿದ್ದು ನನಗೆ ಗೊತ್ತಿಲ್ಲ. ಎರಡು ಕಂತೆ ದಂಟಿನಸೊಪ್ಪು, ಒಂದು ಪಾವು ಹುರುಳಿಕಾಳು ಅಥವಾ ಅಲಸಂದೆ. ಕಾಳು ಬೆಂದು ಒಡೆಯುವ ಹೊತ್ತಿಗೆ ಸೊಪ್ಪು ಹಾಕಿ ಒಂದು ಕುದಿ. ಆಮೇಲೆ ಬಸಿಯುವುದು, ಹೆಸರೇ ಹೇಳುತ್ತದೆ. ಕೆಳಗಿಳಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಸುಟ್ಟ ಒಣಮೆಣಸಿನಕಾಯಿ, ಹುಣಸೆಹಣ್ಣು, ಬೆಂದ ಕಾಳೇ ಒಂದು ಹಿಡಿ ರುಬ್ಬಿ ಹಾಕಿದರೆ ಸಾರು. ಮೇಲೆ ಉಳಿದ ಸೊಪ್ಪು ಕಾಳಿಗೆ ಸಾಸಿವೆ ಒಗ್ಗರಣೆ ಕೊಟ್ಟರೆ ಪಲ್ಯ. ಕಾಳೇ ಸಾರಿಗೆ ಮಂದ ಕೊಡುವುದರಿಂದ ತೊಗರಿಬೇಳೆಗೆ ಅವತ್ತು ರಜೆ. ಕಾಯಿ ಒಂದು ಚಮಚ ಸಾಕು. ಐದು ಜನರ ಊಟ, ಮಾರನೇ ಬೆಳಿಗ್ಗೆಗೆ ಕುದಿಸಿ ಕುದಿಸಿ ಇನ್ನೂ ರುಚಿಯಾದ ಸಾರು. ಮೊದಮೊದಲು ಮೂಗು ಮುರಿದ ಮಗಳು ಈಗ ಪಲ್ಯದ ಕಾಳು ಆರಿಸಿ ಮೊದಲು ತಿಂದು ಮುಗಿಸುತ್ತಾಳೆ. ಸೊಪ್ಪು ತಟ್ಟೆಯ ಅಂಚಿನಲ್ಲಿ ಇನ್ನೂ ಮುಷ್ಕರ ಹೂಡಿದೆ.

ಇನ್ನು ಫ್ರಿಜ್ಜಿನ ಕೆಳಗಿನ ಡ್ರಾಯರು. ಅದರ ಬಗ್ಗೆ ಬರೆಯಲು ನಾಚಿಕೆಯಾಗುತ್ತದೆ. ಒಂದು ವಾರ ಹಸಿ ಕಸದ ಬಕೆಟ್ಟಿಗೆ ಹೋಗುವ ಮುನ್ನ ಕೆಟ್ಟದ್ದನ್ನೆಲ್ಲ ತಕ್ಕಡಿಗಿಟ್ಟೆ: ಹಳದಿ ತಿರುಗಿದ ಎರಡು ಕಂತೆ ಮೆಂತ್ಯ, ಲೋಳೆಯಾದ ಅರ್ಧ ಸೌತೆಕಾಯಿ, ಮೂರು ಬದನೆ, ಬೂಷ್ಟು ಹಿಡಿದ ಅರ್ಧ ಬ್ರೆಡ್ಡು, ಯಾರೂ ನೆನಪಿಟ್ಟುಕೊಳ್ಳದ ಒಂದು ಬಟ್ಟಲು ಚಟ್ನಿ. ಒಂದೂಮುಕ್ಕಾಲು ಕೆ.ಜಿ. ಭಾನುವಾರ ಉತ್ಸಾಹದಲ್ಲಿ ಕೊಂಡದ್ದು ಗುರುವಾರಕ್ಕೆ ಹೀಗಾಗಿತ್ತು. ಈಗ ಸೊಪ್ಪು ತಂದ ರಾತ್ರಿಯೇ ಬಿಡಿಸಿ ಪೇಪರಿನಲ್ಲಿ ಸುತ್ತುತ್ತೇವೆ. ಸೊಪ್ಪಿನ ಅಡುಗೆ ಭಾನುವಾರ, ಸೋಮವಾರ. ಹೀರೆ, ಬೀನ್ಸು ಮಧ್ಯದಲ್ಲಿ. ಕುಂಬಳ, ಗೆಡ್ಡೆಕೋಸು, ಆಲೂಗಡ್ಡೆ ವಾರದ ಕೊನೆಗೆ. ಹೀರೇಕಾಯಿ ಸಿಪ್ಪೆ ಚಟ್ನಿಗೆ. ಕಲ್ಲಂಗಡಿಯ ಬಿಳಿ ತಿರುಳನ್ನು ಅಕ್ಕಿಯ ಜತೆ ರುಬ್ಬಿ ದೋಸೆ ಹೊಯ್ಯುವುದನ್ನು ಮಂಗಳೂರಿನ ನೆಂಟರು ತೋರಿಸಿಕೊಟ್ಟರು. ಕಸದ ಬುಟ್ಟಿಗೆ ಹೋಗುವುದರಲ್ಲಿ ಅಷ್ಟು ಮೆತ್ತನೆಯ ದೋಸೆ ಅಡಗಿರುತ್ತದೆಂದು ನಾನು ನಂಬಿರಲಿಲ್ಲ.

ಮತ್ತೆ ನಾಲ್ಕೂವರೆಗೆ ಬರೋಣ, ದುಡ್ಡು ಅಲ್ಲೇ ಇತ್ತಲ್ಲ. ಪೊಟ್ಟಣ ತರಬೇಡಿ ಎಂದು ಆಜ್ಞೆ ಮಾಡಿ ನೋಡಿದೆ. ಮಗ ತನ್ನ ಪಾಕೆಟ್ ಮನಿಯಲ್ಲಿ ತಂದ. ಹಸಿವಿಗೆ ಆಜ್ಞೆ ಕೇಳಿಸುವುದಿಲ್ಲ, ಆ ಹೊತ್ತಿಗೆ ಕೈಗೆಟುಕುವ ತಿಂಡಿ ಇರಬೇಕು, ಅಮ್ಮ ಒಲೆ ಮುಂದೆ ನಿಲ್ಲುವಂತಿರಬಾರದು. ಹೀಗೆ ಬಂದದ್ದು ರಾಗಿ ಹುರಿಹಿಟ್ಟು. ರಾಗಿ ತೊಳೆದು ನೆನೆಸಿ, ನೀರು ಬಸಿದು, ನೆರಳಿನಲ್ಲಿ ಆರಿಸಿ, ಕಾದ ಬಾಣಲೆಗೆ ಹಿಡಿಹಿಡಿಯಾಗಿ ಹಾಕಿದರೆ ಚಟಪಟ ಅರಳುತ್ತದೆ. ಮನೆಯೆಲ್ಲ ಘಮ. ಮೂರು ಕೆ.ಜಿ. ರಾಗಿ ಒಂದು ಭಾನುವಾರ ಮಧ್ಯಾಹ್ನ ತಿಂದಿತು, ನನ್ನ ಬಲಗೈಯನ್ನೂ ತಿಂದಿತು. ಮಿಲ್ಲಿನಿಂದ ಬಂದ ಹಿಟ್ಟು ಒಂದು ತಿಂಗಳಿಗೆ. ಬಟ್ಟಲಿಗೆ ನಾಲ್ಕು ಚಮಚ ಹಿಟ್ಟು, ಬೆಲ್ಲ, ಸ್ವಲ್ಪ ಕಾಯಿತುರಿ, ಹಾಲು, ಕಲಸಿದರೆ ಮುಗಿಯಿತು. ಅದನ್ನು ತಿಂದ ಮಗ ಏಳು ಗಂಟೆಯವರೆಗೆ ಅಡುಗೆಮನೆ ಕಡೆ ತಲೆ ಹಾಕುವುದಿಲ್ಲ. ಇನ್ನುಳಿದ ದಿನ ಬೆಳಿಗ್ಗೆಯೇ ಬೇಯಿಸಿಟ್ಟ ಕಡಲೆಕಾಳಿನ ಉಸಲಿ, ಬೇಯಿಸಿದ ಮೊಟ್ಟೆ, ಗೊಜ್ಜವಲಕ್ಕಿ, ಕಡಲೆಕಾಯಿ ಬೆಲ್ಲ. ಶನಿವಾರ ಒಂದು ದಿನ ಪೊಟ್ಟಣಕ್ಕೆ ಪರವಾನಗಿ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತಿನ ಜಿ.ಎಸ್.ಟಿ. ಹದಿನೆಂಟರಿಂದ ಐದಕ್ಕೆ ಇಳಿಯಿತೆಂದು ಮಗ ಪೇಪರ್ ತಂದು ತೋರಿಸಿ ಬುಧವಾರಕ್ಕೂ ಪರವಾನಗಿ ಕೇಳಿದ. ಅರ್ಜಿ ಪರಿಶೀಲನೆಯಲ್ಲಿದೆ.

ಏಳುನೂರೈವತ್ತು ಈಗ ಮುನ್ನೂರಕ್ಕೆ ನಿಂತಿದೆ, ರಾಗಿ, ಅವಲಕ್ಕಿ, ಕಡಲೆಕಾಯಿಯ ಖರ್ಚೂ ಸೇರಿ. ತರಕಾರಿಯಲ್ಲಿ ಎಪ್ಪತ್ತು ಇಳಿದಿದೆ. ಆ್ಯಪ್‌ನ ಶುಲ್ಕಗಳು ಹೋದವು. ಹಾಲು ಅಷ್ಟೇ ಇದೆ, ಮೊಟ್ಟೆಗೆ ನಲವತ್ತು ಹೆಚ್ಚೇ ಆಗಿದೆ, ಹಣ್ಣಿಗೆ ಕೈ ಹಚ್ಚಿಲ್ಲ. ಎಲ್ಲ ಕೂಡಿ ವಾರಕ್ಕೆ ಐನೂರು ಚಿಲ್ಲರೆ ಉಳಿಯುತ್ತದೆ. ತಿಂಗಳಿಗೆ ನೋಡಿದರೆ ಗೃಹಲಕ್ಷ್ಮಿಯ ಕಂತಿಗಿಂತ ಸ್ವಲ್ಪ ಮೇಲೆ. ಮಕ್ಕಳು ಇನ್ನೂ ಎರಡು ಇಂಚು ಬೆಳೆದರೆ ಈ ಅಂಕಿಯೂ ಕೂರುವುದಿಲ್ಲ ಎಂದು ಗೊತ್ತು. ಮಗನ ಪ್ಯಾಂಟಿನ ಅಂಚು ಬಿಚ್ಚಿ ಇಳಿಸಿದ್ದಾಯಿತು, ಇನ್ನು ಇಳಿಸಲು ಬಟ್ಟೆಯಿಲ್ಲ.

ಶನಿವಾರ ರಾತ್ರಿ ಊಟವಾದ ಮೇಲೆ ಚೀಟಿ ಬರೆಯುವುದು ಈಗ ರೂಢಿ. ಹೆಂಡತಿ ಡಬ್ಬಿಗಳನ್ನು ಅಲ್ಲಾಡಿಸಿ ಹೇಳುತ್ತಾಳೆ, ಮಗಳು ಬರೆಯುತ್ತಾಳೆ. ಕಳೆದ ವಾರ ಹುರುಪಿನಲ್ಲಿ ನಾನು ಒಂದು ಹೆಜ್ಜೆ ಮುಂದೆ ಹೋಗಿ, ಕಾಫಿಪುಡಿಯಲ್ಲಿ ಚಿಕೋರಿಯನ್ನು ಇಪ್ಪತ್ತರಿಂದ ನಲವತ್ತು ಭಾಗಕ್ಕೆ ಏರಿಸಿದರೆ ತಿಂಗಳಿಗೆ ಇಷ್ಟು ಉಳಿಯುತ್ತದೆ ಎಂದು ಲೆಕ್ಕ ತೆಗೆದೆ. ಅಮ್ಮ ಏನೂ ಅನ್ನಲಿಲ್ಲ. ಮೊಮ್ಮಗಳ ಕೈಯಿಂದ ಪೆನ್ನು ಇಸಿದುಕೊಂಡು, ಕನ್ನಡಕ ಸರಿಮಾಡಿಕೊಂಡು, ಪಟ್ಟಿಯ ಕೊನೆಯಲ್ಲಿ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದರು: ‘ಕಾಫಿಪುಡಿ ಅರ್ಧ ಕೆ.ಜಿ. ಮೊದಲಿನದೇ.’ ಅಡಿಗೆರೆ ಎರಡು.